ಕ್ರೈಸ್ತ ಮತದ ಮೂಲತತ್ತ್ವಗಳು: ಓದಿದ ಬಗೆ, ಓದಬೇಕಾದ ಬಗೆ

ಅನ್ಯದರ್ಶನವನ್ನು ಖಂಡಿಸುವ ಮುನ್ನ ಅದನ್ನು ಅದರ ಅನುಯಾಯಿಗಳೇ ತಲೆದೂಗುವಂತೆ ನಿರೂಪಿಸಬೇಕೆಂಬುದು ನಮ್ಮ ದೇಶದ ತರ್ಕಪರಂಪರೆಯ ಹಳೆಯ ಕಟ್ಟಳೆ. ಅದಕ್ಕೆ ಪೂರ್ವಪಕ್ಷವೆಂದು ಹೆಸರು. ಎದುರಾಳಿಯನ್ನು ಕುಬ್ಜನನ್ನಾಗಿ ಚಿತ್ರಿಸಿ ಗೆದ್ದವನ ಗೆಲುವು ವಿದ್ವತ್ಸಭೆಯಲ್ಲಿ ನಿಲ್ಲುತ್ತಿರಲಿಲ್ಲ. ಜೈನಾಚಾರ್ಯರು ಈ ಕಟ್ಟಳೆಯನ್ನು ವಿಶೇಷ ಶ್ರದ್ಧೆಯಿಂದ ಪಾಲಿಸಿದವರು. 8ನೆಯ ಶತಮಾನದ ಹರಿಭದ್ರಸೂರಿಗಳು ‘ಷಡ್ದರ್ಶನಸಮುಚ್ಚಯ’ದಲ್ಲಿ ಬೌದ್ಧ, ನೈಯಾಯಿಕ, ಸಾಂಖ್ಯ, ಜೈನ, ವೈಶೇಷಿಕ, ಜೈಮಿನೀಯ ಮತಗಳನ್ನು ಸಂಗ್ರಹಿಸಿದರು, ಕಡೆಯಲ್ಲಿ ಚಾರ್ವಾಕಕ್ಕೂ ಎಡೆ ಕೊಟ್ಟರು. ಸ್ವಮತವನ್ನು ಮೊದಲಿಗಾಗಲಿ ಕೊನೆಗಾಗಲಿ ಇಡದೆ ನಾಲ್ಕನೆಯದಾಗಿ ಇಟ್ಟದ್ದು ಗಮನಾರ್ಹ. ಅನೇಕಾಂತವೆಂಬುದು ಸಭೆಗಳಲ್ಲಿ ಹೊಗಳಿಸಿಕೊಳ್ಳುವ ಪದವಾಗುವ ಮೊದಲು ಹೀಗೆ ಬರವಣಿಗೆಯ ಶಿಸ್ತಾಗಿತ್ತು.

ಈ ಅಳತೆಗೋಲಿನಿಂದ ನೋಡಿದರೆ ಕ್ರೈಸ್ತ ಮತದ ಬಗ್ಗೆ ನಮ್ಮಲ್ಲಿ ನಡೆದಿರುವ ಅಧ್ಯಯನ ತೃಪ್ತಿಕರವಾಗಿಲ್ಲ. ದಕ್ಷಿಣ ಕನ್ನಡದಲ್ಲಿ ಬಸದಿಗಳೂ ಚರ್ಚುಗಳೂ ತಲೆಮಾರುಗಳಿಂದ ನೆರೆಹೊರೆಯಾಗಿವೆ. ನಮ್ಮ ಮನೆಗಳ ಎಷ್ಟೋ ಮಕ್ಕಳು ಕಾನ್ವೆಂಟ್ ಶಾಲೆಗಳಲ್ಲಿ ಓದಿದ್ದಾರೆ, ಓದುತ್ತಿದ್ದಾರೆ. ಜೈನ ವೈಯಾಕರಣ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಸಂಪಾದಿಸಿ ಹೊರತಂದವರು ಬಾಸೆಲ್ ಮಿಶನ್ನಿನ ಪಾದ್ರಿ ಫರ್ಡಿನಾಂಡ್ ಕಿಟೆಲ್. ಅವರು ನಮ್ಮ ಗ್ರಂಥವನ್ನು ಪಾಠಾಂತರ ಸಹಿತವಾಗಿ ಓದಿದರು. ಅವರ ಮತಗ್ರಂಥದ ಕುರಿತು ನಮ್ಮಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಎರಡೇ ಮಾತು. ಎಲ್ಲ ಧರ್ಮಗಳ ಸಾರವೂ ಒಂದೇ ಎಂಬುದು ಒಂದು. ಮಾಂಸಾಹಾರಿಗಳ ಮತದಲ್ಲಿ ತಿಳಿಯತಕ್ಕದ್ದೇನಿದೆ ಎಂಬುದು ಇನ್ನೊಂದು. ಮೊದಲನೆಯದು ಉದಾರವಾಗಿ ಕಾಣುತ್ತದೆ, ಎರಡನೆಯದು ಸಂಕುಚಿತವಾಗಿ ಕಾಣುತ್ತದೆ. ಪುಸ್ತಕ ತೆರೆಯುವ ಶ್ರಮವನ್ನು ತಪ್ಪಿಸುವುದರಲ್ಲಿ ಮಾತ್ರ ಎರಡೂ ಸಮಾನ.

ಪುಸ್ತಕ ತೆರೆದವರು ಇಲ್ಲವೆಂದಲ್ಲ. ಜೈನ ಮತ್ತು ಕ್ರೈಸ್ತ ಮತಗಳ ಮುಖಾಮುಖಿಯ ಚರಿತ್ರೆಯಲ್ಲಿ 1915 ಒಂದು ವಿಚಿತ್ರ ವರ್ಷ. ಅದೇ ವರ್ಷ ಶ್ರೀಮತಿ ಸಿಂಕ್ಲೇರ್ ಸ್ಟೀವನ್‌ಸನ್ ಅವರ ‘ದಿ ಹಾರ್ಟ್ ಆಫ್ ಜೈನಿಸಂ’ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಪ್ರಕಟವಾಯಿತು. ಅದೇ ವರ್ಷ ಬ್ಯಾರಿಸ್ಟರ್ ಚಂಪತರಾಯ್ ಜೈನರ ‘ದಿ ಕೀ ಆಫ್ ನಾಲೆಜ್’ ಹೊರಬಂತು. ಮೊದಲಿನವರು ಕಾಠಿಯಾವಾಡದಲ್ಲಿದ್ದ ಐರಿಷ್ ಪ್ರೆಸ್ಬಿಟೇರಿಯನ್ ಮಿಶನ್ನಿಗೆ ಸೇರಿದವರು, ಜೈನರನ್ನು ಕುರಿತು ಬರೆದರು. ಎರಡನೆಯವರು ಇಂಗ್ಲೆಂಡಿನಲ್ಲಿ ಕಾನೂನು ಕಲಿತು ಬಂದ ಶ್ರಾವಕರು, ಜಗತ್ತಿನ ಮತಗಳೆಲ್ಲವನ್ನೂ, ವಿಶೇಷವಾಗಿ ಬೈಬಲನ್ನು, ಕುರಿತು ಬರೆದರು. ಇಬ್ಬರೂ ಶ್ರಮಜೀವಿಗಳು. ಇಬ್ಬರೂ ತಂತಮ್ಮ ವಿಷಯವನ್ನು ಪ್ರೀತಿಯಿಂದಲೇ ಅಭ್ಯಸಿಸಿದರು. ಆದರೂ ಎರಡು ಗ್ರಂಥಗಳೂ ಪೂರ್ವಪಕ್ಷದ ಪರೀಕ್ಷೆಯಲ್ಲಿ ಸೋಲುತ್ತವೆ. ಸೋಲುವ ರೀತಿ ಮಾತ್ರ ಬೇರೆ.

ಸ್ಟೀವನ್‌ಸನ್ ಅವರ ಗ್ರಂಥದ ಬಹುಭಾಗ ವ್ರತ, ಆಚಾರ, ತತ್ತ್ವವಿಭಾಗಗಳ ವಿವರಣೆಗೆ ಮೀಸಲು. ಜೈನ ಮಿತ್ರರಿಂದ ಕೇಳಿ ತಿಳಿದು ಬರೆದ ಆ ಭಾಗಗಳಿಗೆ ಈಗಲೂ ಬೆಲೆಯಿದೆ. ಕೊನೆಯ ಅಧ್ಯಾಯಕ್ಕೆ ಬಂದಾಗ ಲೇಖಕಿಯ ಧಾಟಿ ಬದಲಾಗುತ್ತದೆ. ಜೈನ ಧರ್ಮದ ಹೃದಯಸ್ಥಾನ ಬರಿದಾಗಿದೆ, ಅಲ್ಲಿ ಕ್ಷಮಿಸಬಲ್ಲ ದೇವರಿಲ್ಲ, ಕೈ ಹಿಡಿದೆತ್ತುವ ರಕ್ಷಕನಿಲ್ಲ ಎಂಬುದು ಅವರ ನಿರ್ಣಯ. ಇದನ್ನು ಓದಿ ನಮ್ಮ ಹಿರಿಯರು ನೊಂದದ್ದು ಸಹಜ. ಆದರೆ ನೋವಿನಲ್ಲಿ ಒಂದು ಸಂಗತಿ ತಪ್ಪಿಹೋಯಿತು. ಆಕೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕರ್ಮವನ್ನು ಮನ್ನಾ ಮಾಡುವ ದೇವರು ನಮ್ಮಲ್ಲಿ ಇಲ್ಲವೇ ಇಲ್ಲ. ದೋಷವಿರುವುದು ನಾವು ಎಂದೂ ಕೇಳದ ಪ್ರಶ್ನೆಯನ್ನು ನಮ್ಮ ಮೇಲೆ ಹೊರಿಸಿ, ಉತ್ತರ ಸಿಗಲಿಲ್ಲವೆಂದು ಮರುಗಿದ್ದರಲ್ಲಿ.

ಚಂಪತರಾಯರ ದಾರಿ ಇದಕ್ಕೆ ವಿರುದ್ಧ. ಅವರು ಬೈಬಲಿನಲ್ಲಿ ಶೂನ್ಯವನ್ನು ಕಾಣಲಿಲ್ಲ, ಜೈನ ಧರ್ಮವನ್ನೇ ಕಂಡರು. ಅವರ ದೃಷ್ಟಿಯಲ್ಲಿ ಬೈಬಲು ಸಾಂಕೇತಿಕ ಗ್ರಂಥ. ಏದೆನ್ ತೋಟವೆಂದರೆ ಆತ್ಮದ ಗುಣಗಳು; ಆದಾಮನು ಜೀವ, ಹವ್ವಳು ಬುದ್ಧಿ, ಸರ್ಪವು ಆಸೆ. ಕ್ರಿಸ್ತನೂ ಹೊರಗಿನ ರಕ್ಷಕನಲ್ಲ, ಜೀವದಲ್ಲಿ ಹುದುಗಿರುವ ಪರಮಾತ್ಮಸ್ವರೂಪದ ಸಂಕೇತ. 1930ರಲ್ಲಿ ಬಂದ ‘ಜೈನಿಸಂ, ಕ್ರಿಶ್ಚಿಯಾನಿಟಿ ಅಂಡ್ ಸೈನ್ಸ್’ ಗ್ರಂಥದಲ್ಲಿ ಈ ವಾದವನ್ನು ಅವರು ಮುಂದುವರಿಸಿದರು. ಇಂಥ ಓದಿನಲ್ಲಿ ದ್ವೇಷದ ಲೇಶವೂ ಇಲ್ಲವೆಂಬುದನ್ನು ಒಪ್ಪಬೇಕು. ಪರಮತವನ್ನು ಹೀಗಳೆಯದೆ ಅದರಲ್ಲಿ ಸತ್ಯವನ್ನು ಹುಡುಕಿದ ಅವರ ಸೌಜನ್ಯ ನಮ್ಮ ಜನಕ್ಕೆ ಹಿಡಿಸಿತು. ಆದರೆ ಕ್ರೈಸ್ತನೊಬ್ಬನು ಇದನ್ನೋದಿ ‘ಇದು ನನ್ನ ಮತ’ ಎನ್ನುವನೇ? ಎನ್ನಲಾರನು. ಏಕೆನ್ನಲಾರನೆಂಬುದನ್ನು ತಿಳಿಯಬೇಕಾದರೆ ಆ ಮತದ ಅತ್ಯಂತ ಸಂಕ್ಷಿಪ್ತ ಪ್ರಮಾಣಪತ್ರವನ್ನು ನೋಡಬೇಕು.

ಅದೇ ನಿಸೀಯಾದ ವಿಶ್ವಾಸಪ್ರಮಾಣ. ಕ್ರಿ.ಶ. 325ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನು ಇಂದಿನ ತುರ್ಕಿಯಲ್ಲಿರುವ ನಿಸೀಯಾ ನಗರದಲ್ಲಿ ಬಿಷಪರ ಮಹಾಸಭೆಯನ್ನು ಕರೆದನು. 2025ಕ್ಕೆ ಆ ಘಟನೆಗೆ 1,700 ವರ್ಷ ತುಂಬಿತು. ಅಲೆಕ್ಸಾಂಡ್ರಿಯಾದ ಆರಿಯಸ್ ಎಂಬ ಗುರುವು ಪುತ್ರನಾದ ಕ್ರಿಸ್ತನು ಎಷ್ಟೇ ಶ್ರೇಷ್ಠನಾದರೂ ಸೃಷ್ಟಿಗೆ ಸೇರಿದವನು, ಅನಾದಿಯಲ್ಲ ಎಂದು ಬೋಧಿಸುತ್ತಿದ್ದುದೇ ವಿವಾದದ ಮೂಲ. ಸಭೆಯು ಆತನ ವಾದವನ್ನು ತಿರಸ್ಕರಿಸಿ, ಪುತ್ರನು ತಂದೆಯೊಂದಿಗೆ ಏಕಸತ್ತ್ವವುಳ್ಳವನು ಎಂದು ನಿರ್ಣಯಿಸಿತು. ಏಕಸತ್ತ್ವವನ್ನು ಸೂಚಿಸುವ ಆ ಗ್ರೀಕ್ ಪದ ಬೈಬಲಿನಲ್ಲಿ ಇಲ್ಲವೆಂದು ಅನೇಕರು ಆಕ್ಷೇಪಿಸಿದರು. ನಿರ್ಣಯದ ಪರವಾಗಿ ನಿಂತ ಅಥನೇಸಿಯಸ್ ಮುಂದೆ ಅಲೆಕ್ಸಾಂಡ್ರಿಯಾದ ಬಿಷಪನಾಗಿ ಐದು ಸಲ ಗಡೀಪಾರಾದನು. 381ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸೇರಿದ ಮಹಾಸಭೆಯ ಹೆಸರಿನಲ್ಲಿ ಬಂದ ವಿಸ್ತೃತ ಪಾಠವೇ ಇಂದು ಬಳಕೆಯಲ್ಲಿದೆ. ಪವಿತ್ರಾತ್ಮನನ್ನು ಕುರಿತ ವಾಕ್ಯಗಳು ಆ ಪಾಠದಲ್ಲಿ ಬೆಳೆದವು. ಪವಿತ್ರಾತ್ಮನು ತಂದೆಯಿಂದ ಮಾತ್ರ ಹೊರಡುವನೋ ಪುತ್ರನಿಂದಲೂ ಹೊರಡುವನೋ ಎಂಬ ಒಂದು ಪದದ ಸೇರ್ಪಡೆ, 1054ರ ಘಟನೆಗಳೊಂದಿಗೆ ಗುರುತಿಸಲಾಗುವ ಪೂರ್ವ ಪಶ್ಚಿಮ ಧರ್ಮಸಭೆಗಳ ಬಿರುಕಿಗೆ ಒಂದು ಕಾರಣವಾಯಿತು. ಒಂದು ಪದಕ್ಕಾಗಿ ಇಷ್ಟು ಜಗಳವೇ ಎಂದು ನಗುವವರು ಸ್ತ್ರೀಮುಕ್ತಿ, ಕೇವಲಿಭುಕ್ತಿಗಳನ್ನು ಕುರಿತು ನಮ್ಮಲ್ಲಿ ನಡೆದ ವಾದಗಳನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ವಿಶ್ವಾಸಪ್ರಮಾಣದ 381ರ ಪಾಠದಲ್ಲಿ ಜೈನ ಓದುಗನನ್ನು ತಡೆದು ನಿಲ್ಲಿಸಬೇಕಾದ ಒಂದು ಹೆಸರಿದೆ. ಅದು ಪೊಂತ್ಯ ಪಿಲಾತನದು. ಈತನು ಸಂತನಲ್ಲ, ಶಿಷ್ಯನಲ್ಲ, ದೇವದೂತನೂ ಅಲ್ಲ. ತಿಬೇರಿಯ ಚಕ್ರವರ್ತಿಯ ಕಾಲದಲ್ಲಿ, ಸುಮಾರು ಕ್ರಿ.ಶ. 26ರಿಂದ 36ರವರೆಗೆ ಯೂದಾಯ ಪ್ರಾಂತ್ಯವನ್ನು ಆಳಿದ ರೋಮನ್ ಅಧಿಕಾರಿ. ರೋಮನ್ ಇತಿಹಾಸಕಾರ ಟಾಸಿಟಸ್ ಇವನನ್ನು ಹೆಸರಿಸಿದ್ದಾನೆ. 1961ರಲ್ಲಿ ಕೈಸರೈಯದ ಉತ್ಖನನದಲ್ಲಿ ಇವನ ಹೆಸರುಳ್ಳ ಶಿಲಾಲೇಖವೂ ದೊರೆತಿದೆ. ದೇವರ ಸ್ವರೂಪವನ್ನು ಹೇಳುವ ಪವಿತ್ರ ವಾಕ್ಯಗಳ ನಡುವೆ ಇಂಥ ಒಬ್ಬ ಅಧಿಕಾರಿಯ ಹೆಸರೇಕೆ? ಶಾಸನದಲ್ಲಿ ಶಕವರ್ಷವನ್ನೂ ಆಳುವ ಅರಸನನ್ನೂ ಕೆತ್ತುವಂತೆ, ಕ್ರಿಸ್ತನು ಶಿಲುಬೆಗೇರಿದ್ದು ಇಂಥ ನಾಡಿನಲ್ಲಿ, ಇಂಥವನ ಆಡಳಿತದಲ್ಲಿ ನಡೆದ ಸಂಗತಿಯೆಂದು ದೃಢಪಡಿಸುವುದಕ್ಕಾಗಿ. ಕ್ರಿಸ್ತನು ಮರಣದಿಂದ ಏಳದಿದ್ದರೆ ತಮ್ಮ ನಂಬಿಕೆಯೇ ವ್ಯರ್ಥವೆಂದು ಸಂತ ಪೌಲನು ಕೊರಿಂಥದವರಿಗೆ ಬರೆದನಲ್ಲವೆ? ಆ ಮತದ ಆಧಾರಸ್ತಂಭ ಒಂದು ಘಟನೆ. ಘಟನೆಯನ್ನು ಸಂಕೇತವೆಂದು ಓದಿದ ಕ್ಷಣವೇ ಮತವು ಬೇರೊಂದಾಗುತ್ತದೆ. ಆದಾಮನು ಜೀವವೆಂದೂ ಸರ್ಪವು ಆಸೆಯೆಂದೂ ಹೇಳಬಹುದು. ಕ್ರೈಸ್ತರಲ್ಲೇ ಕೆಲವರು ಪುರಾತನ ಕಾಲದಿಂದ ಸಾಂಕೇತಿಕವಾಗಿ ಓದಿದ್ದಾರೆ. ಆದರೆ ಪಿಲಾತನನ್ನು ಯಾವ ತತ್ತ್ವದ ಸಂಕೇತವೆಂದು ಹೇಳೋಣ? ಚಂಪತರಾಯರ ಬೀಗದ ಕೈ ಈ ಬೀಗಕ್ಕೆ ಹೊಂದುವುದಿಲ್ಲ.

ಇಲ್ಲಿ ಎರಡು ಮತಗಳ ನಡುವಿನ ನಿಜವಾದ ಭೇದ ಕಾಣುತ್ತದೆ. ನಮ್ಮಲ್ಲಿ ಸಮ್ಯಗ್ದರ್ಶನವೆಂದರೆ ಜೀವಾಜೀವಾದಿ ತತ್ತ್ವಗಳ ಯಥಾರ್ಥದಲ್ಲಿ ನೆಲೆಗೊಂಡ ಶ್ರದ್ಧೆ. ಮಹಾವೀರಸ್ವಾಮಿಯು ಆ ತತ್ತ್ವಗಳನ್ನು ಕಂಡು ಉಪದೇಶಿಸಿದನೇ ಹೊರತು ಉಂಟುಮಾಡಲಿಲ್ಲ. ತೀರ್ಥಂಕರನು ಹುಟ್ಟದ ಕಾಲದಲ್ಲಿಯೂ ಕರ್ಮವು ಕಟ್ಟುತ್ತದೆ, ನಿರ್ಜರೆಯಾಗುತ್ತದೆ. ಕ್ರೈಸ್ತರಲ್ಲಿ ವಿಶ್ವಾಸವು ಒಬ್ಬ ವ್ಯಕ್ತಿಯಲ್ಲಿ, ಆತನಿಗಾದುದರಲ್ಲಿ ಇಟ್ಟ ವಿಶ್ವಾಸ. ಆ ವ್ಯಕ್ತಿ ಬಾರದಿದ್ದರೆ ಬಿಡುಗಡೆಯೇ ಇಲ್ಲ.

ಭಾಷೆಯೂ ಇಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ. ಕನ್ನಡಕ್ಕೆ ಬೈಬಲನ್ನು ತಂದ ಮಿಶನರಿಗಳು ನಾಡಿನಲ್ಲಿ ಬಳಕೆಯಲ್ಲಿದ್ದ ಮಾತುಗಳನ್ನೇ ಎತ್ತಿಕೊಂಡರು. ಬೇರೆ ದಾರಿಯೂ ಇರಲಿಲ್ಲ. ಆದುದರಿಂದ ‘ಪಾಪ’ವೆಂದು ಓದಿದಾಗ ನಮಗೆ ಅಶುಭಕರ್ಮದ ಆಸ್ರವ ನೆನಪಾಗುತ್ತದೆ. ಕ್ರೈಸ್ತರ ಪಾಪವು ಆತ್ಮಕ್ಕೆ ಅಂಟುವ ದ್ರವ್ಯವಲ್ಲ. ದೇವರಿಗೂ ಮನುಷ್ಯನಿಗೂ ಇರುವ ಸಂಬಂಧದ ಮುರಿವು. ‘ಪುನರುತ್ಥಾನ’ವನ್ನು ಪುನರ್ಜನ್ಮದ ತಮ್ಮನೆಂದು ಭಾವಿಸುವವರಿದ್ದಾರೆ. ಅದು ಹೊಸ ಗತಿಯಲ್ಲಿ ಹುಟ್ಟುವುದಲ್ಲ, ಒಂದೇ ಜನ್ಮದ ಅದೇ ವ್ಯಕ್ತಿ ರೂಪಾಂತರಗೊಂಡ ದೇಹದೊಡನೆ ಏಳುವುದು. ‘ಅವತಾರ’ವೆಂಬುದೂ ಹಾಗೆಯೇ. 451ರಲ್ಲಿ ಕಾಲ್ಸೆಡನ್ ಮಹಾಸಭೆಯು ಕ್ರಿಸ್ತನೊಬ್ಬನಲ್ಲಿಯೇ ದೈವಸ್ವಭಾವವೂ ಮಾನವಸ್ವಭಾವವೂ ಬೆರೆಯದೆ, ಬೇರ್ಪಡದೆ ಪೂರ್ಣವಾಗಿವೆಯೆಂದು ನಿರ್ಣಯಿಸಿತು. ಅದು ಒಮ್ಮೆ ಮಾತ್ರ ಆದದ್ದು. ದಶಾವತಾರದ ಪಟ್ಟಿಗೆ ಹನ್ನೊಂದನೆಯದಾಗಿ ಸೇರುವಂಥದಲ್ಲ.

ಜೈನ ಓದುಗನಿಗೆ ಅತ್ಯಂತ ಕಠಿಣವಾದ ತತ್ತ್ವ ಪ್ರಾಯಶ್ಚಿತ್ತಬಲಿಯದು. ಒಬ್ಬನ ಕರ್ಮವನ್ನು ಇನ್ನೊಬ್ಬನ ಯಾತನೆ ಹೇಗೆ ಕರಗಿಸೀತು? ಜೀವನು ಒಬ್ಬನೇ ಮಾಡುತ್ತಾನೆ, ಒಬ್ಬನೇ ಉಣ್ಣುತ್ತಾನೆ ಎಂಬ ಏಕತ್ವಭಾವನೆಯನ್ನು ಎಳವೆಯಿಂದ ಕೇಳಿದ ನಮಗೆ ಇದು ನ್ಯಾಯವಿರುದ್ಧವಾಗಿ ತೋರುತ್ತದೆ. ನಮ್ಮ ಲೇಖಕರಲ್ಲಿ ಹೆಚ್ಚಿನವರು ಇಲ್ಲಿ, ರಕ್ತದ ಬೆಲೆ ಕೊಟ್ಟು ದೇವರ ಕೋಪವನ್ನು ಶಮನ ಮಾಡುವ ಮತವೆಂದು ಹೇಳಿ ಮುಗಿಸುತ್ತಾರೆ. ಇದು ದುರ್ಬಲ ಪೂರ್ವಪಕ್ಷ. ಕ್ರಿಸ್ತನ ಮರಣವು ನಮ್ಮ ರಕ್ಷಣೆಗಾಗಿ ಎಂದು ವಿಶ್ವಾಸಪ್ರಮಾಣ ಹೇಳುತ್ತದೆ. ಹೇಗೆ ಎಂದು ಹೇಳುವುದಿಲ್ಲ. ಪ್ರಾಚೀನ ಮಹಾಸಭೆಗಳು ಯಾವುವೂ ಅದನ್ನು ಸೂತ್ರೀಕರಿಸಲಿಲ್ಲ. ಪೂರ್ವದ ಗುರುಗಳು ಅದನ್ನು ಮೃತ್ಯುವಿನ ಮೇಲಿನ ವಿಜಯವಾಗಿ ಕಂಡರು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮನು 1098ರಲ್ಲಿ ಮುಗಿಸಿದ ಗ್ರಂಥದಲ್ಲಿ, ದೇವರಿಗೆ ಸಲ್ಲಬೇಕಾದ ಗೌರವಕ್ಕೆ ಭಂಗ ತಂದ ಮನುಷ್ಯನ ಋಣವನ್ನು ಮನುಷ್ಯನೇ ತೀರಿಸಬೇಕು, ಆದರೆ ದೇವರಿಗಲ್ಲದೆ ಅದು ಅಸಾಧ್ಯ, ಆದಕಾರಣ ದೇವಮಾನವನು ಬೇಕಾಯಿತು ಎಂದು ವಾದಿಸಿದನು. ಒಡೆಯನ ಮಾನವೇ ಸಮಾಜದ ಕಟ್ಟಾಗಿದ್ದ ಕಾಲದ ತರ್ಕವದು. ಮುಂದಿನ ತಲೆಮಾರಿನ ಅಬೆಲಾರ್ಡನು ಇದನ್ನೊಪ್ಪದೆ, ಶಿಲುಬೆಯು ಮನುಷ್ಯನ ಎದೆಯಲ್ಲಿ ಪ್ರೀತಿಯನ್ನು ಹೊತ್ತಿಸುವ ಕ್ರಿಯೆಯೆಂಬುದಕ್ಕೆ ಒತ್ತು ಕೊಟ್ಟನು. ದಂಡನೆಯನ್ನು ನಮ್ಮ ಬದಲು ಅನುಭವಿಸಿದನೆಂಬ ವಿವರಣೆ ಸುಧಾರಣಾಯುಗದಲ್ಲಿ ಪ್ರಬಲವಾಯಿತು. ಹೀಗೆ ನಾವು ಖಂಡಿಸಿ ಗೆದ್ದೆವೆಂದುಕೊಂಡದ್ದು ಹಲವು ವ್ಯಾಖ್ಯಾನಗಳಲ್ಲಿ ಒಂದನ್ನು, ಅದೂ ಅದರ ಒರಟು ರೂಪವನ್ನು.

ಹಾಗಾದರೆ ನಮ್ಮ ಆಕ್ಷೇಪಕ್ಕೆ ಬಲವಿಲ್ಲವೇ? ಇದೆ, ಅದನ್ನು ಸರಿಯಾದ ಜಾಗದಲ್ಲಿ ಇಡಬೇಕಾಗಿದೆ. ಪಾಪವು ಸಂಬಂಧದ ಮುರಿವಾದರೆ ಕ್ಷಮೆಯು ಅನ್ಯಾಯವಲ್ಲ. ಮುರಿದ ಸಂಬಂಧವನ್ನು ನೊಂದವನೇ ಕೂಡಿಸಬಲ್ಲನು. ನಾವೂ ಪರ್ಯುಷಣದ ಕೊನೆಯಲ್ಲಿ, ದಶಲಕ್ಷಣ ಪರ್ವದ ತರುವಾಯ, ಸಕಲ ಜೀವಗಳ ಕ್ಷಮೆ ಬೇಡುತ್ತೇವೆ. ಆದರೆ ನಮ್ಮ ಕ್ಷಮಾಪಣೆಯಲ್ಲಿ ಬೇಡುವವನೂ ನೀಡುವವನೂ ತಂತಮ್ಮ ಕಷಾಯವನ್ನು ಸಡಿಲಿಸಿಕೊಳ್ಳುತ್ತಾರೆ, ಒಬ್ಬನ ಕರ್ಮವನ್ನು ಇನ್ನೊಬ್ಬನು ಅಳಿಸುವುದಿಲ್ಲ. ಕ್ರೈಸ್ತರಲ್ಲಿ ಕ್ಷಮಿಸುವವನ ಮಾತೇ ಕಾರ್ಯ. ಈ ಭೇದಕ್ಕೆ ಬುಡದಲ್ಲಿರುವುದು ಮನುಷ್ಯಸಾಮರ್ಥ್ಯವನ್ನು ಕುರಿತ ಭೇದ. 5ನೆಯ ಶತಮಾನದ ಆದಿಯಲ್ಲಿ ಪೆಲಾಗಿಯಸ್ ಎಂಬ ಸಂನ್ಯಾಸಿ, ಮನುಷ್ಯನು ಮನಸ್ಸು ಮಾಡಿದರೆ ಒಳ್ಳೆಯವನಾಗಬಲ್ಲನು, ಆದಾಮನ ತಪ್ಪು ಆದಾಮನಿಗೇ ಸೇರಿದ್ದು ಎಂಬರ್ಥದ ಬೋಧೆ ಮಾಡಿದನು. ಹಿಪ್ಪೋ ನಗರದ ಬಿಷಪ್ ಅಗಸ್ತೀನನು, ಮನುಷ್ಯನ ಇಚ್ಛಾಶಕ್ತಿಯೇ ಹುಟ್ಟಿನಿಂದ ರೋಗಗ್ರಸ್ತ, ದೇವರ ಕೃಪೆಯಿಲ್ಲದೆ ಅದು ಏಳಲಾರದು ಎಂದು ಎದುರಿಸಿದನು. 418ರ ಕಾರ್ಥೇಜಿನ ಸಭೆಯಲ್ಲಿ ಪೆಲಾಗಿಯಸನ ಬೋಧೆ ಖಂಡಿತವಾಯಿತು. ನಮ್ಮ ಓದುಗನಿಗೆ ಪೆಲಾಗಿಯಸನೇ ಆಪ್ತನೆನಿಸಬಹುದು. ಆದರೆ ಅಲ್ಲಿ ಗೆದ್ದವನು ಅಗಸ್ತೀನ. ಪಶ್ಚಿಮದ ಕ್ರೈಸ್ತ ಚಿಂತನೆಯೆಲ್ಲ ಅವನ ನೆರಳಿನಲ್ಲಿ ಬೆಳೆಯಿತು. ಶ್ರೀಮತಿ ಸ್ಟೀವನ್‌ಸನ್ ಅವರ ಪ್ರೆಸ್ಬಿಟೇರಿಯನ್ ಪಂಥವೂ ಅದೇ ಬಳ್ಳಿಯದು. ಸ್ವಪ್ರಯತ್ನದಿಂದ ಮುಕ್ತಿಯೆಂಬ ಮಾತು ಆಕೆಯ ಕಿವಿಗೆ ಧೈರ್ಯದ ಮಾತಾಗಿ ಕೇಳಿಸಲಿಲ್ಲ, ರೋಗಿಗೆ ‘ನೀನೇ ಎದ್ದು ನಡೆ’ ಎಂದಂತೆ ಕೇಳಿಸಿತು. ಇಷ್ಟನ್ನು ಅರಿತಿದ್ದರೆ ನಮ್ಮವರ ಪ್ರತ್ಯುತ್ತರ ಹೆಚ್ಚು ಗಟ್ಟಿಯಾಗುತ್ತಿತ್ತು.

ಕೃಪೆ ಮತ್ತು ಸತ್ಕರ್ಮಗಳ ಪ್ರಶ್ನೆ ಕ್ರೈಸ್ತರಲ್ಲಿ ತಣ್ಣಗಾದದ್ದೂ ಈಚೆಗೆ. ಲೂಥರನ ಕಾಲದಿಂದ ಒಡೆದಿದ್ದ ಎರಡು ಪಕ್ಷಗಳಲ್ಲಿ, ಕಥೋಲಿಕ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು. ರಕ್ಷಣೆಯು ಕೃಪೆಯಿಂದಲೇ, ಸತ್ಕರ್ಮಗಳು ಅದರ ಫಲವೆಂಬುದು ಅದರ ತಿರುಳು.

ಸೃಷ್ಟಿಕರ್ತನ ವಿಷಯವನ್ನು ವಿಸ್ತರಿಸಬೇಕಾಗಿಲ್ಲ. ಜಿನಸೇನಾಚಾರ್ಯರು ‘ಆದಿಪುರಾಣ’ದಲ್ಲಿ ಎತ್ತಿದ ಪ್ರಶ್ನೆಗಳು ನಮ್ಮವರಿಗೆ ಪರಿಚಿತ. ಯಾವ ಸಾಮಗ್ರಿಯಿಂದ ಮಾಡಿದನು ಎಂಬ ಪ್ರಶ್ನೆಗೆ ಕ್ರೈಸ್ತರು ಶೂನ್ಯದಿಂದ ಎಂದು ಉತ್ತರಿಸುತ್ತಾರೆ. ಸತ್ತು ಅಸತ್ತಿನಿಂದ ಹುಟ್ಟದೆಂಬ ನಾವು ಅದನ್ನು ಒಪ್ಪುವುದಿಲ್ಲ. ಕೃತಾರ್ಥನಾದವನಿಗೆ ಸೃಷ್ಟಿಯ ಆಸೆ ಏಕೆಂಬ ಪ್ರಶ್ನೆ ಮಾತ್ರ ಅಲ್ಲಿಯೂ ನಾಟುತ್ತದೆ. ಕೊರತೆಯಿಂದಲ್ಲ, ಪ್ರೀತಿಯ ತುಂಬುವಿಕೆಯಿಂದ ಎಂಬ ಅವರ ಉತ್ತರವನ್ನು ತಿಳಿದ ಮೇಲೆ ವಾದವನ್ನು ಮುಂದುವರಿಸಬೇಕು.

ನನ್ನ ದೃಷ್ಟಿಯಲ್ಲಿ ನಾವು ಕೇಳಬೇಕಾದ, ಆದರೆ ಸರಿಯಾಗಿ ಕೇಳದ ಪ್ರಶ್ನೆ ಬೇರೆ. ಮಾರ್ಟಿನ್ ಲೂಥರನು 1528ರ ಸುಮಾರಿಗೆ ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ಪರಿಶೀಲಿಸಿ, ಜನಸಾಮಾನ್ಯರಿಗೆ ಮತದ ಮೊದಲ ಪಾಠವೂ ತಿಳಿಯದಿರುವುದನ್ನು ಕಂಡು, 1529ರಲ್ಲಿ ಒಂದು ಪ್ರಶ್ನೋತ್ತರ ಪುಸ್ತಿಕೆಯನ್ನು ಬರೆದನು. ಮನೆಯ ಯಜಮಾನನು ತನ್ನ ಮನೆಮಂದಿಗೆ ಕಲಿಸತಕ್ಕ ಪಾಠವೆಂದೇ ಅದನ್ನು ರಚಿಸಿದನು. ಹತ್ತು ಆಜ್ಞೆಗಳು, ವಿಶ್ವಾಸಪ್ರಮಾಣ, ಕ್ರಿಸ್ತನು ಕಲಿಸಿದ ಪ್ರಾರ್ಥನೆ, ದೀಕ್ಷಾಸ್ನಾನ, ಕರ್ತನ ಭೋಜನ. ಪ್ರತಿಯೊಂದಕ್ಕೂ ಇದರ ಅರ್ಥವೇನೆಂಬ ಪ್ರಶ್ನೆ, ಚಿಕ್ಕ ಉತ್ತರ. ಅಮೋಘವರ್ಷನದೆಂದು ಹೇಳಲಾಗುವ ‘ಪ್ರಶ್ನೋತ್ತರ ರತ್ನಮಾಲಿಕೆ’ಯನ್ನು ಬಲ್ಲವರಿಗೆ ಈ ರೀತಿ ಅಪರಿಚಿತವಲ್ಲ. ಕ್ರಮ ಮಾತ್ರ ಅರ್ಥಪೂರ್ಣ. ಆಜ್ಞೆಗಳು ಮೊದಲು ಬರುವುದು, ಅವನ್ನು ಪಾಲಿಸಲಾಗದ ತನ್ನ ರೋಗವನ್ನು ಮನುಷ್ಯನು ಅರಿಯಲೆಂದು. ಔಷಧ ಅನಂತರದ ವಿಶ್ವಾಸಪ್ರಮಾಣದಲ್ಲಿದೆ. ಅಣುವ್ರತಗಳನ್ನು ನಾವು ಮಕ್ಕಳಿಗೆ ಹೇಳಿಕೊಡುವುದು ಅವು ಸಾಧ್ಯವೆಂಬ ಭರವಸೆಯಿಂದ. ಅಲ್ಲಿ ಆಜ್ಞೆಯು ಕನ್ನಡಿ, ಇಲ್ಲಿ ವ್ರತವು ಮೆಟ್ಟಿಲು.

ಕೊಲ್ಲಬಾರದೆಂಬ ಆಜ್ಞೆಯನ್ನು ಲೂಥರನು ಉದಾರವಾಗಿಯೇ ಹಿಗ್ಗಿಸುತ್ತಾನೆ. ನೆರೆಯವನ ದೇಹಕ್ಕೆ ಕೇಡು ಮಾಡದಿದ್ದರೆ ಸಾಲದು, ಅವನ ಕಷ್ಟದಲ್ಲಿ ನೆರವಾಗಬೇಕು. ಆದರೆ ಆ ನೆರೆಯವನು ಮನುಷ್ಯನೇ. ವಿಶ್ವಾಸಪ್ರಮಾಣದಲ್ಲಿ ಪ್ರಾಣಿಗಳ ಹೆಸರೇ ಇಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಆಹಾರವಾಗಿ ಕೊಟ್ಟದ್ದು ಸಸ್ಯಗಳನ್ನು, ಜಲಪ್ರಳಯದ ನಂತರ ಮಾತ್ರ ಮಾಂಸಕ್ಕೆ ಅನುಮತಿ ಬಂತು. ಇದನ್ನು ಬಲ್ಲ ಕ್ರೈಸ್ತರೂ ಕಡಿಮೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಬೃಹತ್ ಧರ್ಮಬೋಧೆ 2,865 ಪರಿಚ್ಛೇದಗಳ ಗ್ರಂಥ. ಅದರಲ್ಲಿ ಪ್ರಾಣಿಗಳಿಗೆ ಮೀಸಲಾದವು 2,415ರಿಂದ ಮುಂದಿನ ಬೆರಳೆಣಿಕೆಯ ಪರಿಚ್ಛೇದಗಳು. ಪ್ರಾಣಿಗಳ ಬಗ್ಗೆ ದಯೆ ತೋರಬೇಕು. ಅನ್ನವಸ್ತ್ರಗಳಿಗಾಗಿ ಬಳಸುವುದು ನ್ಯಾಯಸಮ್ಮತ. ಅನಗತ್ಯವಾಗಿ ಹಿಂಸಿಸುವುದು, ಕೊಲ್ಲುವುದು ಮಾನವಘನತೆಗೆ ವಿರುದ್ಧ ಎಂಬುದು ಅಲ್ಲಿನ ಬೋಧೆ. ಗಮನಿಸಿ: ತಪ್ಪಾಗುವುದು ಮಾನವನ ಘನತೆಗೆ. ಕರುವಿನ ಜೀವಕ್ಕೆ ತನ್ನದೇ ಆದ ಹಕ್ಕಿನ ಮಾತು ಅಲ್ಲಿ ಬರುವುದಿಲ್ಲ. ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸೀ’ ಪರಿಪತ್ರವು ಒಂದೊಂದು ಜೀವಿಗೂ ಸ್ವಂತ ಮೌಲ್ಯವುಂಟೆಂದು ಒತ್ತಿ ಹೇಳಿ ಬಹಳ ಮುಂದೆ ಬಂದಿದೆ. ಆದರೂ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಒಂದೇ ಜೀವತತ್ತ್ವವೆಂಬ ನಮ್ಮ ನೆಲೆ ಅದಲ್ಲ. ‘ಅವರು ಮಾಂಸ ತಿನ್ನುತ್ತಾರೆ’ ಎಂಬುದು ನಿಂದೆ. ನಿಮ್ಮ ಬೋಧೆಯಲ್ಲಿ ಪ್ರಾಣಿದಯೆಯ ಆಧಾರ ಪ್ರಾಣಿಯೋ ಮನುಷ್ಯನೋ ಎಂಬುದು ಪ್ರಶ್ನೆ. ನಿಂದೆಗೆ ಅವರು ಉತ್ತರಿಸಬೇಕಾಗಿಲ್ಲ. ಪ್ರಶ್ನೆಗೆ ಅವರ ಪಂಡಿತರು ಉತ್ತರಿಸಲೇಬೇಕು, ಉತ್ತರಿಸಲು ಯತ್ನಿಸುತ್ತಲೂ ಇದ್ದಾರೆ.

ಬಸದಿಗಳ ಟ್ರಸ್ಟುಗಳು ನಡೆಸುವ ಗ್ರಂಥಭಂಡಾರಗಳಲ್ಲಿ ಚಂಪತರಾಯರ ಗ್ರಂಥಗಳಿಗೆ ಸ್ಥಾನವಿರಲಿ. ಸ್ಟೀವನ್‌ಸನ್ ಅವರದಕ್ಕೂ ಇರಲಿ. ಅವುಗಳ ಪಕ್ಕದಲ್ಲಿ ಒಂದು ಕನ್ನಡ ಬೈಬಲು, ಲೂಥರನ ಕಿರುಪುಸ್ತಿಕೆ, ಕಥೋಲಿಕರ ಧರ್ಮಬೋಧೆ ಇವಿಷ್ಟನ್ನಾದರೂ ಇಡಬೇಕು. ಓದುವವರು ವಿಶ್ವಾಸಪ್ರಮಾಣದಿಂದ ಆರಂಭಿಸಿ, ಪ್ರತಿ ವಾಕ್ಯವೂ ಯಾವ ವಾದಕ್ಕೆ ಉತ್ತರವಾಗಿ ಹುಟ್ಟಿತೆಂದು ತಿಳಿದು, ಆಮೇಲೆ ಸುವಾರ್ತೆಗಳಿಗೆ ಹೋಗಬಹುದು. ನಮ್ಮ ಪಾಠಶಾಲೆಯ ಅಧ್ಯಾಪಕರಾಗಲಿ ಪತ್ರಿಕೆಯ ಲೇಖಕರಾಗಲಿ ಕ್ರೈಸ್ತ ಮತವನ್ನು ಕುರಿತು ಬರೆದುದನ್ನು ಅಚ್ಚಿಗೆ ಕಳುಹಿಸುವ ಮುನ್ನ ಊರಿನ ಪಾದ್ರಿಗಳೊಬ್ಬರಿಗೆ ಓದಲು ಕೊಡಲಿ. ಪೂರ್ವಪಕ್ಷದ ಪುಟಗಳನ್ನು ಅವರು ‘ಹೌದು, ನಾವು ಹೇಳುವುದು ಇದನ್ನೇ’ ಎಂದು ಹಿಂದಿರುಗಿಸಿದರೆ ಆ ಭಾಗ ಈ ಸಂಚಿಕೆಗೆ ಸಿದ್ಧವಾದಂತೆ. ನಮ್ಮ ಉತ್ತರಪಕ್ಷ ಮುಂದಿನ ಸಂಚಿಕೆಗೆ ಕಾಯಬಹುದು.